ಯುದ್ಧವಿಮಾನದ ಬಿಡಿಭಾಗ ಸರ್ಕಾರಕ್ಕೆ ಮಾಡಿಕೊಡುವುದು ಹೇಗೆ? ಸಣ್ಣ ವರ್ಕ್‌ಶಾಪ್‌ನವರು ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯದ ಒಂದು ಸಣ್ಣ ಮೆಷಿನಿಂಗ್ ಘಟಕದಲ್ಲಿ ನಾನು ಹದಿನೆಂಟು ವರ್ಷ ಕ್ವಾಲಿಟಿ ನೋಡಿಕೊಂಡೆ. ಈಗ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ದಾರಿ ಹೇಳುತ್ತಿದ್ದೇನೆ. ಬೊಮ್ಮಸಂದ್ರದಿಂದ, ಬೆಳಗಾವಿಯಿಂದ, ಈಗೀಗ ತುಮಕೂರಿನಿಂದಲೂ ಕರೆ ಬರುತ್ತವೆ. ಊರು ಬೇರೆಯಾದರೂ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಹಾಗಾಗಿ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ.

ಸರ್ಕಾರ ಅಂದರೆ ಇಲ್ಲಿ ಯಾರು? ಪಾರ್ಟ್ ಕೊಳ್ಳುವವರು ಯಾರು?

ಮುಖ್ಯವಾಗಿ ಮೂರು ಬಾಗಿಲುಗಳಿವೆ.

ಮೊದಲನೆಯದು ಎಚ್‌ಎಎಲ್, ಅಂದರೆ ಕೇಂದ್ರ ಸರ್ಕಾರದ ವಿಮಾನ ತಯಾರಿಕಾ ಕಂಪನಿ ಹಿಂದೂಸ್ತಾನ್ ಏರೋನಾಟಿಕ್ಸ್. ನಮ್ಮ ಕಡೆಯವರಿಗೆ ತೀರಾ ಹತ್ತಿರದ್ದು. 1940ರ ಡಿಸೆಂಬರ್‌ನಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ವಾಲ್‌ಚಂದ್ ಹೀರಾಚಂದ್ ಬೆಂಗಳೂರಿನಲ್ಲಿ ಕಟ್ಟಿದ ಕಾರ್ಖಾನೆ ಅದು. ಇವತ್ತು ತೇಜಸ್ ವಿಭಾಗ, ಹೆಲಿಕಾಪ್ಟರ್ ವಿಭಾಗ, ಎಂಜಿನ್ ವಿಭಾಗ, ಓವರ್‌ಹಾಲ್ ವಿಭಾಗ ಎಲ್ಲವೂ ಇಲ್ಲೇ ಇವೆ. ಗುಬ್ಬಿ ತಾಲ್ಲೂಕಿನ ಹೆಲಿಕಾಪ್ಟರ್ ಕಾರ್ಖಾನೆ 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು.

ಎರಡನೆಯದು ವಾಯುಪಡೆಯ ಬೇಸ್ ರಿಪೇರ್ ಡಿಪೋಗಳು. ಎಲ್ಲರೂ ಬಿಆರ್‌ಡಿ ಅನ್ನುತ್ತಾರೆ. ನಾಸಿಕ್ ಹತ್ತಿರದ ಓಝರ್‌ನಲ್ಲಿ ಮಿಗ್-29, ಸುಖೋಯ್-30, ಚಂಡೀಗಢದಲ್ಲಿ ಎಂಐ-17 ಹೆಲಿಕಾಪ್ಟರ್, ಹೀಗೆ ಒಂದೊಂದು ಡಿಪೋ ಒಂದೊಂದು ವಿಮಾನದ ರಿಪೇರಿ ನೋಡಿಕೊಳ್ಳುತ್ತದೆ. ಹಳೆಯ ವಿಮಾನಗಳಿಗೆ ಹೊರದೇಶದಿಂದ ಪಾರ್ಟ್ ಬರುವುದು ತಡವಾದಾಗ ಈ ಡಿಪೋಗಳು ಇಲ್ಲಿನವರನ್ನು ಹುಡುಕುತ್ತವೆ.

ಮೂರನೆಯದು ದೊಡ್ಡ ಖಾಸಗಿ ಕಂಪನಿಗಳು. ತೇಜಸ್‌ನ ರೆಕ್ಕೆ, ಮುಂಭಾಗ, ಹಿಂಭಾಗಗಳನ್ನು ಈಗ ಖಾಸಗಿಯವರು ಜೋಡಿಸಿ ಎಚ್‌ಎಎಲ್‌ಗೆ ಕೊಡುತ್ತಾರೆ. ಅವರಿಗೆ ಬ್ರಾಕೆಟ್, ಬುಷ್, ಪಿನ್ ಮಾಡಿಕೊಡುವವರು ಬೇಕೇಬೇಕು. ಎರಡು ಮೆಷಿನ್ ಇರುವವರಿಗೆ ನಾನು ಮೊದಲು ಇದೇ ಬಾಗಿಲು ತಟ್ಟಿ ಅನ್ನುತ್ತೇನೆ.

ಕೆಲಸ ನಿಜವಾಗಿಯೂ ಇದೆಯಾ? ಅಥವಾ ಬರೀ ಮಾತಾ?

ಇದೆ. 2021ರ ಫೆಬ್ರವರಿಯಲ್ಲಿ 83 ತೇಜಸ್ ಎಂಕೆ-1ಎ ವಿಮಾನಗಳಿಗೆ ಒಪ್ಪಂದ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಇನ್ನೂ 97ಕ್ಕೆ, 62,370 ಕೋಟಿ ರೂಪಾಯಿಯ ಒಪ್ಪಂದ. ಅದೇ ವರ್ಷ ಮಾರ್ಚ್‌ನಲ್ಲಿ 156 ಪ್ರಚಂಡ್ ಹೆಲಿಕಾಪ್ಟರ್‌ಗಳಿಗೆ. ಅವು ಬೆಂಗಳೂರು ಮತ್ತು ತುಮಕೂರಿನಲ್ಲೇ ತಯಾರಾಗುತ್ತವೆ. ಆದರೆ ಈ ಕೆಲಸ ನಿಮ್ಮ ಶೆಡ್‌ಗೆ ತಾನಾಗಿ ನಡೆದು ಬರುವುದಿಲ್ಲ. ಬಂದರೂ ಆಟೊಮೊಬೈಲ್ ಕೆಲಸದ ಹಾಗೆ ತಿಂಗಳಿಗೆ ಹತ್ತು ಸಾವಿರ ಪೀಸ್ ಇರುವುದಿಲ್ಲ. 40 ಪೀಸ್, 60 ಪೀಸ್, ಕೆಲವೊಮ್ಮೆ 6 ಪೀಸ್ ಅಷ್ಟೇ. ಲೆಕ್ಕಾಚಾರ ಇಲ್ಲಿಂದಲೇ ಶುರು ಮಾಡಿ.

ವೆಂಡರ್ ಆಗಿ ನೋಂದಣಿ ಮಾಡಿಸಿದ್ದೇನೆ. ಆದರೂ ಆರ್ಡರ್ ಯಾಕೆ ಬರುತ್ತಿಲ್ಲ?

ನೋಂದಣಿ ಬೇರೆ, ಅರ್ಹತೆ ಬೇರೆ. ಜನ ಎಡವುವುದು ಇಲ್ಲೇ. ನೋಂದಣಿ ಅಂದರೆ ನಿಮ್ಮ ಹೆಸರು, ಜಿಎಸ್‌ಟಿ, ಮೆಷಿನ್ ಪಟ್ಟಿ, ಬ್ಯಾಂಕ್ ವಿವರ ಅವರ ಕಡತಕ್ಕೆ ಸೇರಿತು ಅಂತ. ಅರ್ಹತೆ ಅಂದರೆ ನೀವು ಇಂಥ ಪಾರ್ಟನ್ನು ಇಂಥ ವಿಧಾನದಲ್ಲಿ ಮಾಡಬಲ್ಲಿರಿ ಅಂತ ಅವರು ಬಂದು ನೋಡಿ, ಅಳೆದು, ಒಪ್ಪಿಕೊಂಡರು ಅಂತ. ಅದೂ ಪಾರ್ಟಿನಿಂದ ಪಾರ್ಟಿಗೆ ಬೇರೆ. ಅಲ್ಯೂಮಿನಿಯಂ ಬ್ರಾಕೆಟ್‌ಗೆ ಅರ್ಹರಾದವರು ಲ್ಯಾಂಡಿಂಗ್ ಗೇರ್ ಪಿನ್‌ಗೂ ಅರ್ಹರು ಅಂತ ಅಲ್ಲ.

ಕೆಲವು ಭಾಗಗಳನ್ನು ಮೂಲ ತಯಾರಕರಿಂದ ಮಾತ್ರ ಕೊಳ್ಳುತ್ತಾರೆ. ಅದಕ್ಕೆ ಪಿಎಸಿ ಖರೀದಿ ಅನ್ನುತ್ತಾರೆ. ಅಲ್ಲಿಗೆ ಹೋಗಿ ಬೆಲೆ ಕಡಿಮೆ ಮಾಡುತ್ತೇನೆ ಅಂದರೆ ಯಾರೂ ಕೇಳುವುದಿಲ್ಲ.

ಯಾವ ಸರ್ಟಿಫಿಕೇಟ್ ಬೇಕು?

ಬೇರೆ ಏನೇ ಇಲ್ಲದಿದ್ದರೂ ಎಎಸ್ 9100 ಮಾಡಿಸಿ. ಅದು ಐಎಸ್‌ಒ 9001ರ ಮೇಲೆ ವಿಮಾನ ಉದ್ಯಮಕ್ಕೆ ಬೇಕಾದ್ದನ್ನು ಸೇರಿಸಿ ಮಾಡಿದ ಮಾನದಂಡ. ಹೀಟ್ ಟ್ರೀಟ್‌ಮೆಂಟ್, ಪ್ಲೇಟಿಂಗ್, ವೆಲ್ಡಿಂಗ್, ಬಿರುಕು ಪರೀಕ್ಷೆ ಇಂಥ ವಿಶೇಷ ಕೆಲಸಗಳಿಗೆ ನ್ಯಾಡ್‌ಕ್ಯಾಪ್ ಅಂತ ಬೇರೆಯೇ ಮಾನ್ಯತೆ ಇದೆ. ಅದು ದುಬಾರಿ. ಸಣ್ಣ ಘಟಕ ಅದನ್ನು ತಾನೇ ಹೊರುವುದು ಬೇಡ. ಆ ಕೆಲಸವನ್ನು ಕೊಳ್ಳುವವರು ಒಪ್ಪಿದ ಕಡೆಗೇ ಕಳಿಸಿ. ಪಕ್ಕದ ರಸ್ತೆಯ ಪ್ಲೇಟಿಂಗ್ ಶೆಡ್‌ಗೆ ಮಾತ್ರ ಕಳಿಸಬೇಡಿ, ಎಷ್ಟೇ ಪರಿಚಯ ಇರಲಿ.

ಸಣ್ಣ ಘಟಕ ಅಂತ ಸರ್ಕಾರದಲ್ಲಿ ದಾಖಲಾಗುವ ಉದ್ಯಮ್ ನೋಂದಣಿ ಉಚಿತ, ಇವತ್ತೇ ಮಾಡಿಸಿ. ಗುಣಮಟ್ಟ ಸುಧಾರಣೆಗೆ ಇರುವ ಕೇಂದ್ರದ ಝೆಡ್ ಯೋಜನೆಯಲ್ಲಿ ಸರ್ಟಿಫಿಕೇಟ್ ಪಡೆಯುವ ಖರ್ಚಿನಲ್ಲಿ ಮೈಕ್ರೋ ಘಟಕಗಳಿಗೆ 80%, ಸಣ್ಣ ಘಟಕಗಳಿಗೆ 60% ಸಬ್ಸಿಡಿ ಸಿಗುತ್ತದೆ. ಶಿಸ್ತು ಕಲಿಯಲು ಅದು ಒಳ್ಳೆಯ ಮೊದಲ ಮೆಟ್ಟಿಲು.

ಸೆಮಿಲ್ಯಾಕ್, ಡಿಜಿಎಕ್ಯುಎ ಅಂತ ಕೇಳುತ್ತಿರುತ್ತೇವೆ. ಯಾರು ಏನು ಮಾಡುತ್ತಾರೆ?

ಎರಡೂ ರಕ್ಷಣಾ ಸಚಿವಾಲಯದ ಸಂಸ್ಥೆಗಳು. ಸುಲಭವಾಗಿ ಹೇಳುವುದಾದರೆ, ಸೆಮಿಲ್ಯಾಕ್ ವಿನ್ಯಾಸವನ್ನು ಒಪ್ಪುತ್ತದೆ. ಡಿಜಿಎಕ್ಯುಎ ತಯಾರಿಕೆಯನ್ನು ಒಪ್ಪುತ್ತದೆ. ಸೆಮಿಲ್ಯಾಕ್ ಮುಖ್ಯ ಕಚೇರಿ ನಮ್ಮ ಮಾರತ್ತಹಳ್ಳಿಯಲ್ಲೇ ಇದೆ. ಹೊಸ ಭಾಗವೊಂದು ಮಿಲಿಟರಿ ವಿಮಾನದಲ್ಲಿ ಹಾರಬೇಕಾದರೆ ಅದು ಹಾರಲು ಯೋಗ್ಯ ಅಂತ ಅವರು ಹೇಳಬೇಕು. ಹಾಗೆ ಒಪ್ಪಿದ ಭಾಗ ನಿಮ್ಮ ಶೆಡ್‌ನಲ್ಲಿ ಪ್ರತಿ ಸಲವೂ ಹಾಗೆಯೇ ತಯಾರಾಗುತ್ತಿದೆಯಾ ಅಂತ ನೋಡುವುದು ಡಿಜಿಎಕ್ಯುಎ. ಈ ನಿಯಮಗಳೆಲ್ಲ ಐಎಂಟಿಎಆರ್-21 ಅನ್ನುವ ಕಡತದಲ್ಲಿವೆ. ಡ್ರಾಯಿಂಗ್ ಕೊಟ್ಟು ಅದರಂತೆ ಮಾಡಿಸುವ ಕೆಲಸದಲ್ಲಿ ನೀವು ಸೆಮಿಲ್ಯಾಕ್ ಮುಂದೆ ನೇರವಾಗಿ ನಿಲ್ಲುವ ಸಂದರ್ಭ ಕಡಿಮೆ. ಆಮದಾಗುವ ಪಾರ್ಟನ್ನು ಇಲ್ಲೇ ಹೊಸದಾಗಿ ಮಾಡಲು ಹೊರಟಾಗ ಅವರ ಪಾತ್ರ ದೊಡ್ಡದಾಗುತ್ತದೆ.

ಒಂದು ಅಂಗೈಯಗಲದ ಬ್ರಾಕೆಟ್‌ಗೆ ಇಷ್ಟೊಂದು ಕಾಗದ ಯಾಕೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಸಿಟ್ಟೂ ಇರುತ್ತದೆ. ಹಾಗಾಗಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ.

1989ರ ಜುಲೈ 19. ಅಮೆರಿಕದಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಒಂದು ಡಿಸಿ-10 ವಿಮಾನದ ಬಾಲದಲ್ಲಿದ್ದ ಎಂಜಿನ್ನಿನ ಫ್ಯಾನ್ ಡಿಸ್ಕ್ ಆಕಾಶದಲ್ಲೇ ಒಡೆಯಿತು. ಚೂರುಗಳು ಹೈಡ್ರಾಲಿಕ್ ಪೈಪುಗಳನ್ನು ಕತ್ತರಿಸಿದವು. ಸೂ ಸಿಟಿಯಲ್ಲಿ ಇಳಿಸಲು ಪೈಲಟ್‌ಗಳು ಹೋರಾಡಿದರು. 296 ಜನರಲ್ಲಿ 112 ಜನ ಸತ್ತರು. ತನಿಖೆಯಲ್ಲಿ ಸಿಕ್ಕ ಮೂಲ ಕಾರಣ ಏನು ಗೊತ್ತಾ? ಆ ಡಿಸ್ಕಿನ ಟೈಟಾನಿಯಂ ಅನ್ನು 1971ರಲ್ಲಿ ಕರಗಿಸುವಾಗಲೇ ಒಳಗೆ ಉಳಿದಿದ್ದ ಒಂದು ಚಿಕ್ಕ ದೋಷ. ಅಲ್ಲಿಂದ ಬಿರುಕು ನಿಧಾನವಾಗಿ ಬೆಳೆಯಿತು.

ತನಿಖೆಯವರು ಅದೇ ಲೋಹದ ಬೇರೆ ಡಿಸ್ಕ್‌ಗಳು ಎಲ್ಲೆಲ್ಲಿ ಹಾರುತ್ತಿವೆ ಅಂತ ಹುಡುಕಲು ಹೊರಟರು. ಹಳೆಯ ದಾಖಲೆ ತೆಗೆದರೆ ಒಂದೇ ಸೀರಿಯಲ್ ನಂಬರ್ ಎರಡು ಡಿಸ್ಕ್‌ಗಳಿಗೆ ಇತ್ತು. ಒಂದಕ್ಕೊಂದು ತಾಳೆಯಾಗದ ಕಾಗದಗಳು. ಯಾವ ಡಿಸ್ಕ್ ಯಾವ ಕರಗಿಕೆಯಿಂದ ಬಂತು ಅನ್ನುವುದನ್ನು ಪೂರ್ತಿ ಖಚಿತವಾಗಿ ಹೇಳಲು ಆಗಲಿಲ್ಲ.

ಇನ್ನೊಂದು ಅದೇ ವರ್ಷದ ಸೆಪ್ಟೆಂಬರ್ 8ರದ್ದು. ಓಸ್ಲೋದಿಂದ ಹ್ಯಾಂಬರ್ಗ್‌ಗೆ ಹೊರಟಿದ್ದ ಪಾರ್ಟ್‌ನೇರ್ ವಿಮಾನ ಡೆನ್ಮಾರ್ಕ್ ಬಳಿ ಸಮುದ್ರಕ್ಕೆ ಬಿತ್ತು. 55 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ಬಾಲದ ನೆಟ್ಟನೆಯ ರೆಕ್ಕೆಯನ್ನು ಹಿಡಿದಿದ್ದ ಪಿನ್‌ಗಳಲ್ಲಿ ನಕಲಿಯವು ಇದ್ದವು. ಬೇಕಾದಷ್ಟು ಗಟ್ಟಿತನ ಅವುಗಳಿಗೆ ಇರಲಿಲ್ಲ. ಕಣ್ಣಿಗೆ ಅಸಲಿ ಪಿನ್‌ನಂತೆಯೇ ಕಂಡಿರಬೇಕು, ಅಲ್ವಾ?

ಎರಡೂ ನಾಗರಿಕ ವಿಮಾನಗಳು. ಆದರೆ ಲೋಹಕ್ಕೆ ಆ ಭೇದ ಇಲ್ಲ. ಅಳತೆಯನ್ನು ಮೈಕ್ರೋಮೀಟರ್ ಹೇಳುತ್ತದೆ. ಲೋಹ ಎಲ್ಲಿಂದ ಬಂತು, ಯಾವ ಒಲೆಯಲ್ಲಿ ಎಷ್ಟು ಹೊತ್ತು ಇತ್ತು, ಯಾರು ಪರೀಕ್ಷೆ ಮಾಡಿದರು ಅನ್ನುವುದನ್ನು ಕಾಗದ ಮಾತ್ರ ಹೇಳುತ್ತದೆ. ನಾಳೆ ಒಂದು ಪೀಸ್‌ನಲ್ಲಿ ಬಿರುಕು ಕಂಡರೆ, ಅದರ ಜೊತೆಯ 39 ಪೀಸ್‌ಗಳು ಯಾವ ಯಾವ ವಿಮಾನದಲ್ಲಿವೆ ಅಂತ ಆ ಸಂಜೆಯೇ ಗೊತ್ತಾಗಬೇಕು. ಆ ಕಾಗದ ಹುಟ್ಟುವುದು ನಿಮ್ಮ ಶೆಡ್‌ನಲ್ಲಿ. ಬೇರೆ ಯಾರೂ ಅದನ್ನು ಆಮೇಲೆ ಹುಟ್ಟಿಸಲಾರರು.

ಕಚ್ಚಾ ಲೋಹ ಎಲ್ಲಿಂದ ತರಬೇಕು? ಬೆಂಗಳೂರಿನ ಎಸ್.ಪಿ. ರಸ್ತೆ ಅಂಗಡಿಗಳಲ್ಲಿ ಅದೇ ಗ್ರೇಡ್ ಸಿಗುತ್ತದಲ್ಲ?

ಬೇಡ. ಗ್ರೇಡ್ ಒಂದೇ ಇರಬಹುದು, ಜಾತಕ ಇರುವುದಿಲ್ಲ. ಒಪ್ಪಿಗೆ ಇರುವ ಗಿರಣಿಯಿಂದ ಅಥವಾ ಅದರ ಅಧಿಕೃತ ಸ್ಟಾಕಿಸ್ಟ್‌ನಿಂದಲೇ ತರಬೇಕು. ಹೀಟ್ ನಂಬರ್, ಅಂದರೆ ಲೋಹ ಯಾವ ಕರಗಿಕೆಯದು ಅಂತ ಹೇಳುವ ನಂಬರ್, ಇರುವ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಜೊತೆಗಿರಬೇಕು. ಟೈಟಾನಿಯಂ ಮತ್ತು ವಿಶೇಷ ಉಕ್ಕು ಹೈದರಾಬಾದಿನ ಸರ್ಕಾರಿ ಲೋಹ ಕಾರ್ಖಾನೆ ಮಿಧಾನಿಯಲ್ಲಿ ತಯಾರಾಗುತ್ತವೆ. ಎಷ್ಟೋ ಸಲ ಕೊಳ್ಳುವವರೇ ಲೋಹ ಕೊಡುತ್ತಾರೆ. ಅದಕ್ಕೆ ಫ್ರೀ ಇಶ್ಯೂ ಮೆಟೀರಿಯಲ್ ಅನ್ನುತ್ತಾರೆ. ಆಗ ಬ್ಯಾಂಕ್ ಗ್ಯಾರಂಟಿಯೋ ಇನ್ಶೂರೆನ್ಸೋ ಕೇಳಬಹುದು. ಉಳಿದ ತುಂಡು, ರಿಜೆಕ್ಟ್ ಆದ ಪೀಸ್ ಎಲ್ಲಕ್ಕೂ ಲೆಕ್ಕ ಕೊಡಬೇಕು. ಗುಜರಿಗೆ ಹಾಕುವ ಹಾಗಿಲ್ಲ.

ನಮ್ಮಲ್ಲಿ ನಡೆದ ಒಂದು ಘಟನೆ ಹೇಳುತ್ತೇನೆ. ಒಂದು ಅಲ್ಯೂಮಿನಿಯಂ ಬಾರ್‌ನ ತುದಿಯಲ್ಲಿ ಹೀಟ್ ನಂಬರ್ ಬರೆದಿತ್ತು. ಹೊಸ ಹುಡುಗ ಬಾರನ್ನು ಕತ್ತರಿಸಲು ಶುರು ಮಾಡಿದ್ದು ಆ ತುದಿಯಿಂದಲೇ. ನಂಬರ್ ಇದ್ದ ಮೊದಲ ತುಂಡು ಎಲ್ಲೋ ಬೆರೆತುಹೋಯಿತು. ಅದೇ ರ‍್ಯಾಕ್‌ನಲ್ಲಿ ಇನ್ನೊಂದು ಬ್ಯಾಚಿನ ಬಾರ್ ಕೂಡ ಇತ್ತು. 40 ಬ್ರಾಕೆಟ್ ತಯಾರಾದವು. ಅಳತೆ ಒಂದೂ ತಪ್ಪಿರಲಿಲ್ಲ. ಕೊನೆಯ ತಪಾಸಣೆಯಲ್ಲಿ ಹೀಟ್ ನಂಬರ್ ಕೇಳಿದಾಗ ನಮ್ಮಲ್ಲಿ ಉತ್ತರ ಇರಲಿಲ್ಲ. ಸಿಎಂಎಂ ಅನ್ನುವ ಅಳತೆ ಯಂತ್ರದ ರಿಪೋರ್ಟ್ ತೋರಿಸಿದೆವು, ಲೋಹದ ತುಂಡನ್ನು ಲ್ಯಾಬ್‌ಗೆ ಕಳಿಸುತ್ತೇವೆ ಅಂದೆವು. ತಪಾಸಣೆಗೆ ಬಂದವರು ಸಮಾಧಾನವಾಗಿಯೇ ಹೇಳಿದರು: "ಲ್ಯಾಬ್ ಇದು ಯಾವ ಲೋಹ ಅಂತ ಹೇಳುತ್ತೆ. ಯಾವ ಬ್ಯಾಚ್ ಅಂತ ಹೇಳಲ್ಲ." 40 ಪೀಸನ್ನೂ ಗರಗಸಕ್ಕೆ ಕೊಟ್ಟೆವು, ಬೇರೆಲ್ಲೂ ಬಳಕೆಯಾಗದ ಹಾಗೆ. ಮಾರನೇ ದಿನದಿಂದ ನಮ್ಮಲ್ಲಿ ಕತ್ತರಿಸುವ ಮುನ್ನ ನಂಬರನ್ನು ಪ್ರತಿ ತುಂಡಿಗೂ ದಾಟಿಸುವ ಪದ್ಧತಿ ಬಂತು. ಗರಗಸದ ಪಕ್ಕದಲ್ಲೇ ಪಂಚ್ ಸೆಟ್ ಇಟ್ಟೆವು. ನೀವು ನಷ್ಟ ಮಾಡಿಕೊಳ್ಳದೆಯೇ ಅದನ್ನು ಇಡಬಹುದು.

ಫಸ್ಟ್ ಆರ್ಟಿಕಲ್ ಅಂದರೆ ಏನು?

ಮೊದಲ ಪೀಸಿನ ಪೂರ್ತಿ ಪರೀಕ್ಷೆ. ಡ್ರಾಯಿಂಗ್‌ನಲ್ಲಿರುವ ಪ್ರತಿ ಅಳತೆಗೂ, ಪ್ರತಿ ಟಿಪ್ಪಣಿಗೂ ಸುತ್ತು ಹಾಕಿ ನಂಬರ್ ಕೊಡುತ್ತೀರಿ. ಬಲೂನಿಂಗ್ ಅನ್ನುತ್ತಾರೆ. ಆಮೇಲೆ ಒಂದೊಂದಕ್ಕೂ ಎಷ್ಟು ಬಂತು, ಯಾವ ಉಪಕರಣದಲ್ಲಿ ಅಳೆದಿರಿ ಅಂತ ಬರೆಯುತ್ತೀರಿ. "ಓಕೆ" ಅಂತ ಬರೆದರೆ ಸಾಲದು, ಅಂಕಿ ಬೇಕು. ಸಾಧಾರಣವಾಗಿ ಎಎಸ್ 9102 ನಮೂನೆ ಬಳಸುತ್ತಾರೆ. ಡ್ರಾಯಿಂಗ್ ಬದಲಾದರೆ, ಮೆಷಿನ್ ಅಥವಾ ಜಾಗ ಬದಲಾದರೆ, ಎರಡು ವರ್ಷ ಆ ಪಾರ್ಟ್ ಮಾಡದೆ ಬಿಟ್ಟಿದ್ದರೆ ಮತ್ತೆ ಮಾಡಬೇಕು. ಹೊಸ ಶೆಡ್‌ಗೆ ಸ್ಥಳ ಬದಲಿಸುವ ಯೋಚನೆ ಇದ್ದರೆ ಈ ಖರ್ಚನ್ನೂ ಸೇರಿಸಿಕೊಳ್ಳಿ.

ಪ್ಲೇಟಿಂಗ್ ಬಗ್ಗೆ ಯಾಕೆ ಅಷ್ಟು ಹೆದರಿಸುತ್ತೀರಿ?

ಯಾಕೆಂದರೆ ತಪ್ಪು ಕಾಣುವುದಿಲ್ಲ. ಗಟ್ಟಿ ಉಕ್ಕಿನ ಬೋಲ್ಟ್‌ಗೆ ಕ್ಯಾಡ್ಮಿಯಂ ಲೇಪ ಹಾಕುವಾಗ ಹೈಡ್ರೋಜನ್ ಉಕ್ಕಿನ ಒಳಗೆ ಸೇರಿಕೊಳ್ಳುತ್ತದೆ. ಲೇಪ ಆದ ಕೆಲವೇ ಗಂಟೆಗಳಲ್ಲಿ ಬೋಲ್ಟನ್ನು ಸುಮಾರು 190 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಗಂಟೆಗಟ್ಟಲೆ ಇಟ್ಟು ಅದನ್ನು ಹೊರಗೆ ಓಡಿಸಬೇಕು. ಬೇಕಿಂಗ್ ಅನ್ನುತ್ತಾರೆ. ಇಡದಿದ್ದರೂ ಬೋಲ್ಟ್ ಥಳಥಳ ಹೊಳೆಯುತ್ತದೆ, ಅಳತೆಯೂ ಸರಿ ಇರುತ್ತದೆ. ಬಿಗಿದು ಭಾರ ಬಿದ್ದ ಮೇಲೆ, ಯಾವತ್ತೋ ಒಂದು ದಿನ, ಎಚ್ಚರಿಕೆಯೇ ಇಲ್ಲದೆ ಮುರಿಯುತ್ತದೆ. ಒಲೆಯ ಚಾರ್ಟ್ ಕೇಳಿ ಪಡೆಯಿರಿ. ಲೇಪ ಮುಗಿದ ಸಮಯ, ಒಲೆಗೆ ಹೋದ ಸಮಯ ಎರಡೂ ಅದರಲ್ಲಿ ಇರಬೇಕು. ಸಂಕೋಚ ಬೇಡ.

ಟೆಂಡರ್ ಎಲ್ಲಿ ನೋಡಬೇಕು? ಸಣ್ಣವರಿಗೆ ರಿಯಾಯಿತಿ ಇದೆಯಾ?

ಸರ್ಕಾರಿ ಖರೀದಿಯ ಜೆಮ್ ಪೋರ್ಟಲ್, ಕೇಂದ್ರದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್, ರಕ್ಷಣಾ ಪಡೆಗಳಿಗೆ ಡೆಫ್‌ಪ್ರೊಕ್. ಜೊತೆಗೆ ಎಚ್‌ಎಎಲ್ ವೆಬ್‌ಸೈಟ್. ಡಿಜಿಟಲ್ ಸಹಿ ಮೊದಲೇ ಮಾಡಿಸಿಟ್ಟುಕೊಳ್ಳಿ, ಕೊನೆಯ ದಿನ ಅದರ ಹಿಂದೆ ಓಡಬೇಡಿ.

ರಿಯಾಯಿತಿ ಇದೆ. ಕೇಂದ್ರ ಸರ್ಕಾರದ ಇಲಾಖೆಗಳು, ಸಾರ್ವಜನಿಕ ಉದ್ಯಮಗಳು ವರ್ಷದ ಖರೀದಿಯಲ್ಲಿ 25% ಮೈಕ್ರೋ ಮತ್ತು ಸಣ್ಣ ಘಟಕಗಳಿಂದ ಕೊಳ್ಳಬೇಕು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದವರ ಘಟಕಗಳಿಗೆ 4%, ಮಹಿಳೆಯರ ಘಟಕಗಳಿಗೆ 3%. ನಿಮಗೆ ಟೆಂಡರ್ ಶುಲ್ಕ ಇಲ್ಲ, ಇಎಂಡಿ ಅನ್ನುವ ಮುಂಗಡ ಠೇವಣಿಯೂ ಇಲ್ಲ. ದೊಡ್ಡ ಕಂಪನಿ ಎಲ್-1, ಅಂದರೆ ಅತಿ ಕಡಿಮೆ ಬೆಲೆ ಹೇಳಿದವರು, ಆಗಿ, ನಿಮ್ಮ ಬೆಲೆ ಅದಕ್ಕಿಂತ 15% ಒಳಗೆ ಇದ್ದರೆ, ಎಲ್-1 ಬೆಲೆಗೆ ಒಪ್ಪಿ ಒಂದು ಪಾಲು ಪಡೆಯಬಹುದು. ಆದರೆ ಗುಣಮಟ್ಟದಲ್ಲಿ ರಿಯಾಯಿತಿ ಇಲ್ಲ. ಇರಬಾರದು ಕೂಡ.

ಎಲ್-1 ಆಗಲು ಬೆಲೆ ಇಳಿಸಿಬಿಡಲಾ?

ದಯವಿಟ್ಟು ಬೇಡ. ಸುಮ್ನೆ ಕೆಲಸ ಹಿಡಿಯಬೇಕು ಅಂತ ಬೆಲೆ ಇಳಿಸಿದವರು ಆಮೇಲೆ ಎಲ್ಲೋ ಒಂದು ಕಡೆ ಉಳಿಸಲು ನೋಡುತ್ತಾರೆ. ಉಳಿಸಲು ಸಿಗುವುದು ತಪಾಸಣೆ, ಟೂಲ್, ಬೇಕಿಂಗ್ ಇಂಥವೇ. ಫಸ್ಟ್ ಆರ್ಟಿಕಲ್, ಫಿಕ್ಸ್ಚರ್, ಗೇಜ್, ಕ್ಯಾಲಿಬ್ರೇಷನ್, ಲ್ಯಾಬ್ ಪರೀಕ್ಷೆ, ಒಂದೆರಡು ರಿಜೆಕ್ಷನ್, ಎಲ್ಲವನ್ನೂ ಸೇರಿಸಿ ಬೆಲೆ ಹಾಕಿ. ಆ ಬೆಲೆಗೆ ಸಿಗದಿದ್ದರೆ ಬಿಡಿ, ಮುಂದಿನ ಟೆಂಡರ್ ನೋಡಿ.

ಸೃಜನ್ ಪೋರ್ಟಲ್‌ನಿಂದ ನಮಗೇನು ಲಾಭ?

2020ರಲ್ಲಿ ರಕ್ಷಣಾ ಸಚಿವಾಲಯ ಶುರು ಮಾಡಿದ ಪೋರ್ಟಲ್ ಅದು. ಆಮದಾಗುತ್ತಿರುವ ಭಾಗಗಳ ಪಟ್ಟಿ ಹಾಕಿ, ಇಲ್ಲಿ ಯಾರು ಮಾಡಬಲ್ಲಿರಿ ಅಂತ ಕೇಳುತ್ತಾರೆ. ಇದರ ಜೊತೆಗೆ ಸರ್ಕಾರಿ ರಕ್ಷಣಾ ಉದ್ಯಮಗಳಿಗಾಗಿ 2021ರಿಂದ 2024ರ ಜುಲೈವರೆಗೆ ಐದು ಪಟ್ಟಿಗಳು ಬಂದಿವೆ. ಒಟ್ಟು 5,012 ವಸ್ತುಗಳು. ಗೊತ್ತುಮಾಡಿದ ದಿನಾಂಕದ ನಂತರ ಅವನ್ನು ಭಾರತದಲ್ಲೇ ಕೊಳ್ಳಬೇಕು.

ಕಷ್ಟ ಇರುವುದು ಡ್ರಾಯಿಂಗ್‌ನಲ್ಲಿ. ಎಷ್ಟೋ ಸಲ ಅದು ಇರುವುದೇ ಇಲ್ಲ. ಒಂದು ಹಳೆಯ ಸ್ಯಾಂಪಲ್ ಕೊಡುತ್ತಾರೆ. ಅದನ್ನು ಅಳೆಯಬಹುದು, ಲೋಹ ಯಾವುದು ಅಂತ ಕಂಡುಹಿಡಿಯಬಹುದು. ಆದರೆ ಸವೆದ ಸ್ಯಾಂಪಲ್ ನೋಡಿ ಮೂಲ ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಹೆಚ್ಚುಕಡಿಮೆ) ಏನಿತ್ತು ಅಂತ ಹೇಳುವುದು ಹೇಗೆ? ಹಾಗಾಗಿ ಎರಡು ಮೂರು ಸ್ಯಾಂಪಲ್ ಕೇಳಿ, ಸಾಧ್ಯವಾದರೆ ಬಳಸದೇ ಇರುವ ಒಂದನ್ನು ಕೇಳಿ. ಪಕ್ಕದಲ್ಲಿ ಕೂರುವ ಭಾಗವನ್ನೂ ತೋರಿಸಲು ಕೇಳಿ.

ಸೇನಾಪಡೆಗಳ ದಿನನಿತ್ಯದ ಖರೀದಿಗೆ 2025ರ ನವೆಂಬರ್‌ನಿಂದ ಹೊಸ ರಕ್ಷಣಾ ಖರೀದಿ ಕೈಪಿಡಿ ಬಂದಿದೆ. ದೇಶೀಕರಣದ ಕೆಲಸದಲ್ಲಿ ತಡವಾದರೆ ದಂಡ ವಾರಕ್ಕೆ 0.1% ಮಾತ್ರ. ಯಶಸ್ವಿಯಾದವರಿಗೆ ಐದು ವರ್ಷದವರೆಗೆ ಆರ್ಡರ್ ಭರವಸೆ ಕೊಡಲು ಅವಕಾಶ ಇದೆ. ಒಂದು ಪಾರ್ಟಿಗೆ ಎರಡು ವರ್ಷ ಬೆವರು ಸುರಿಸಿ ಆಮೇಲೆ ಆರ್ಡರ್ ಬೇರೆಯವರ ಪಾಲಾದದ್ದನ್ನು ಕಂಡವನು ನಾನು. ಈ ಬದಲಾವಣೆ ನೋಡಿ ನಿಜಕ್ಕೂ ಖುಷಿಯಾಯಿತು. ಎಚ್‌ಎಎಲ್‌ಗೆ ಅದರದೇ ಖರೀದಿ ನಿಯಮಗಳಿವೆ, ಟೆಂಡರ್‌ನಲ್ಲಿ ಓದಿಕೊಳ್ಳಿ.

ಹಣ ಯಾವಾಗ ಬರುತ್ತದೆ?

ಕಾನೂನಿನ ಪ್ರಕಾರ ಮೈಕ್ರೋ, ಸಣ್ಣ ಘಟಕಗಳಿಗೆ ಸರಕು ಒಪ್ಪಿದ ದಿನದಿಂದ 45 ದಿನದೊಳಗೆ ಕೊಡಬೇಕು. 15 ದಿನದಲ್ಲಿ ಬರವಣಿಗೆಯ ಆಕ್ಷೇಪ ಬಾರದಿದ್ದರೆ ಸರಕು ತಲುಪಿದ ದಿನವನ್ನೇ ಒಪ್ಪಿದ ದಿನ ಅಂತ ತಿಳಿಯಬೇಕು. ಈ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೇಂದ್ರದ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಬಿಲ್ ಮೇಲೆ ಬ್ಯಾಂಕುಗಳು ಮುಂಚೆಯೇ ಹಣ ಕೊಡುವ ಆನ್‌ಲೈನ್ ವ್ಯವಸ್ಥೆ ಟ್ರೆಡ್ಸ್‌ನಲ್ಲಿ ಬಿಲ್ ಹಾಕಿ ಬೇಗ ಹಣ ಪಡೆಯಬಹುದು.

ಆದರೂ ಮೊದಲ ಆರ್ಡರ್‌ಗೆ ಆರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಇಳಿಯಿರಿ. ಬಿಲ್ ನಿಲ್ಲುವುದು ಹೆಚ್ಚಾಗಿ ದುಡ್ಡಿಲ್ಲದೆ ಅಲ್ಲ, ಜೊತೆಯಲ್ಲಿ ಇರಬೇಕಾದ ಒಂದು ಸರ್ಟಿಫಿಕೇಟ್ ಇಲ್ಲದೆ.

ಏಜೆಂಟ್ ಬೇಕಾ? "ಒಳಗೆ ಮಾತಾಡುತ್ತೇನೆ" ಅನ್ನುವವರು ಸಿಕ್ಕಿದ್ದಾರೆ.

ಬೇಡ. ದುಡ್ಡು ಕೊಟ್ಟು ಒಳಗೆ ಹೋದ ಪಾರ್ಟ್ ಎಲ್ಲಿ ಕೂರುತ್ತದೆ ಅಂತ ಒಂದು ಸಲ ಯೋಚಿಸಿ. ಸಿಕ್ಕಿಬಿದ್ದರೆ ಕಪ್ಪುಪಟ್ಟಿ ಸೇರುತ್ತೀರಿ.

ಡ್ರಾಯಿಂಗನ್ನು ಜಾಬ್ ವರ್ಕ್‌ನವರಿಗೆ ವಾಟ್ಸ್ಯಾಪ್ ಮಾಡಬಹುದಾ?

ಖಂಡಿತ ಇಲ್ಲ. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರುತ್ತೀರಿ. ಅದರ ಹಿಂದೆ 1923ರ ಅಧಿಕೃತ ರಹಸ್ಯ ಕಾಯ್ದೆಯೂ ಇದೆ. ಕೊಳ್ಳುವವರ ಬರವಣಿಗೆಯ ಒಪ್ಪಿಗೆ ಇಲ್ಲದೆ ಕೆಲಸವನ್ನೇ ಹೊರಗೆ ಕೊಡುವ ಹಾಗಿಲ್ಲ. ಶೆಡ್‌ನಲ್ಲಿ ಡ್ರಾಯಿಂಗ್‌ನ ಪ್ರತಿಗಳಿಗೆ ನಂಬರ್ ಹಾಕಿ ಕೊಡಿ, ಕೆಲಸ ಮುಗಿದ ಮೇಲೆ ವಾಪಸ್ ಪಡೆದು ಬೀಗ ಹಾಕಿ. ಹಳೆಯ ರಿವಿಷನ್ ಡ್ರಾಯಿಂಗ್ ಮೆಷಿನ್ ಬಳಿ ಉಳಿದು ಇಡೀ ಲಾಟ್ ಹಾಳಾದ ಕಥೆಗಳು ಪೀಣ್ಯದಲ್ಲಿ ಬೇಕಾದಷ್ಟಿವೆ.

ಪೀಸ್ ಬಿದ್ದು ಮೂಲೆ ಸ್ವಲ್ಪ ತಗ್ಗಿದೆ. ಅರ ಹಾಕಿ ಸರಿ ಮಾಡಿಬಿಡಲಾ?

ಮಾಡಬೇಡಿ. ಬೇರೆ ಎತ್ತಿಡಿ, ಕೆಂಪು ಚೀಟಿ ಕಟ್ಟಿ, ಕೊಳ್ಳುವವರಿಗೆ ಬರೆದು ತಿಳಿಸಿ. ಅವರು ಒಪ್ಪಿದರೆ ಕನ್ಸೆಷನ್, ಅಂದರೆ ಆ ದೋಷದೊಂದಿಗೇ ಬಳಸಲು ಬರವಣಿಗೆಯ ಅನುಮತಿ, ಕೊಡುತ್ತಾರೆ, ಇಲ್ಲದಿದ್ದರೆ ಸ್ಕ್ರ್ಯಾಪ್. ತಪ್ಪನ್ನು ತಾವೇ ಬಂದು ಹೇಳಿದ ವೆಂಡರನ್ನು ಯಾರೂ ಓಡಿಸಿದ್ದನ್ನು ನಾನು ನೋಡಿಲ್ಲ. ನಿಮ್ಮ ಹುಡುಗರಿಗೂ ಇದೇ ಧೈರ್ಯ ಕೊಡಿ. ಪೀಸ್ ಬೀಳಿಸಿದವನಿಗೆ ಬೈದರೆ ಮುಂದಿನ ಸಲ ಅವನು ಅರ ಹಾಕಿ ಮುಚ್ಚಿಡುತ್ತಾನೆ.

ನಾವು ಮಾಡಿದ ಪಾರ್ಟ್ ಯಾವ ವಿಮಾನದಲ್ಲಿದೆ ಅಂತ ನಮಗೆ ಗೊತ್ತಾಗುತ್ತದಾ?

ಸಾಮಾನ್ಯವಾಗಿ ಇಲ್ಲ. ನಿಮ್ಮ ಡೆಲಿವರಿ ಚಲನ್ ಸ್ಟೋರ್ಸ್ ಗೇಟ್‌ವರೆಗೆ ಮಾತ್ರ ಹೋಗುತ್ತದೆ. ಅಲ್ಲಿಂದ ಮುಂದಿನದು ಅವರ ದಾಖಲೆಯಲ್ಲಿ ಇರುತ್ತದೆ. ನಿಮ್ಮ ಪಾಲಿನ ಕಡತವನ್ನು ಒಪ್ಪಂದದಲ್ಲಿ ಹೇಳಿದಷ್ಟು ವರ್ಷ ಇಡಬೇಕು. ನಾನು ಅದಕ್ಕಿಂತ ಜಾಸ್ತಿ ಇಡಿ ಅನ್ನುತ್ತೇನೆ. ಗೆದ್ದಲು ಹಿಡಿಯದ ಕಡೆ ಇಡಿ, ಸ್ಕ್ಯಾನ್ ಮಾಡಿದ ಪ್ರತಿಯನ್ನು ಬೇರೊಂದು ಜಾಗದಲ್ಲಿ ಇಡಿ. ವಿಮಾನ ಮೂವತ್ತು ನಲವತ್ತು ವರ್ಷ ಹಾರುತ್ತದೆ. ಯಾವತ್ತಾದರೂ ಒಂದು ಹೀಟ್ ನಂಬರ್ ಕೇಳಿ ಫೋನ್ ಬಂದರೆ, ಆವತ್ತು ಶೆಡ್‌ನಲ್ಲಿ ಇರುವವರು ಕಪಾಟು ತೆಗೆದು ಹೇಳುವ ಹಾಗಿರಬೇಕು.